ತಿಪ್ಪೇರುದ್ರನ ಮನೆಗೆ ಡೀಸಿ ಬಂದದ್ದು

ಕಾರೆಗುಡ್ಡದಹಟ್ಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ತಿಪ್ಪೇರುದ್ರನಿಗೆ ಲೋಕದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ, ಒಬ್ಬನನ್ನು ಬಿಟ್ಟು. ಬೇರೆಯವರ ಬೋರಿನಲ್ಲಿ ನಾಲ್ಕಿಂಚು ನೀರು ಬಿದ್ದರೂ, ಬೇರೆಯವರ ಕುರಿ ಅವಳಿ ಮರಿ ಹಾಕಿದರೂ ಮನಸಾರೆ ಸಂತೋಷಪಡುತ್ತಿದ್ದ ಮನುಷ್ಯ, ತನ್ನ ಷಡ್ಡಕ ಮಹಾಂತೇಶ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದನೆಂದರೆ ಎರಡು ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ.

ಕಾರಣವಿಲ್ಲದೆ ಇಲ್ಲ. ತಿಪ್ಪೇರುದ್ರ ಮನೆಅಳಿಯ. ದೊಡ್ಡಪಾಲಯ್ಯನ ಹಿರಿಯ ಮಗಳು ನಿರ್ಮಲಾಳ ಕೈಹಿಡಿದು, ಹದಿನಾಲ್ಕು ವರ್ಷದಿಂದ ಅತ್ತೆಮನೆಯಲ್ಲೇ ಇದ್ದು, ಮಾವನ ಶೇಂಗಾ ಹೊಲ ನೋಡಿಕೊಂಡು, ಮಾವನ ಬಿಪಿ ಮಾತ್ರೆ ತಂದುಕೊಟ್ಟುಕೊಂಡು ಬಂದಿದ್ದ. ಕಿರಿಯ ಮಗಳು ಪವಿತ್ರಳ ಗಂಡ ಮಹಾಂತೇಶನಾದರೋ ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು, ಕುದಾಪುರದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಅದೂ ಗುತ್ತಿಗೆಯ ಮೇಲೆ. ಆದರೆ ಕುದಾಪುರದ ಆ ದೊಡ್ಡ ಗೇಟಿನೊಳಗೆ ಹೋಗಿ ಬರುವವರೆಲ್ಲ ಅತ್ತೆ ಹೊನ್ನಕ್ಕನ ಪಾಲಿಗೆ ಸೈಂಟಿಸ್ಟುಗಳೇ. "ನಮ್ ಸಣ್ ಅಳಿಯ ರಾಕೆಟ್ ಬಿಡ್ತಾನೆ" ಎಂದು ಅವಳು ನಲ್ಲಿಯ ಹತ್ತಿರ ಹೆಂಗಸರಿಗೆ ಹೇಳುತ್ತಿದ್ದುದನ್ನು ತಿಪ್ಪೇರುದ್ರ ಸ್ವಂತ ಕಿವಿಯಿಂದ ಕೇಳಿದ್ದ. ಮಹಾಂತೇಶ ಬಂದ ದಿನ ಹೋಳಿಗೆ. "ಅಳಿಯದೇವ್ರೇ, ಇನ್ನೊಂದ್ ಹಾಕ್ಕಳ್ರಿ" ಎಂಬ ಉಪಚಾರ. ಅದೇ ಪಂಕ್ತಿಯಲ್ಲಿ ಕೂತ ತಿಪ್ಪೇರುದ್ರನಿಗೆ, "ರುದ್ರ, ಉಂಡಾದ ಮ್ಯಾಲೆ ಎಮ್ಮೆಗೆ ನೀರು ತೋರ್ಸು."

ಎರಡು ವರ್ಷದ ಹಿಂದೆ ಮಹಾಂತೇಶ ಮಾವನ ಭಜನಾ ಮಂಡಳಿಗೆಂದು ಒಂದು ಆಂಪ್ಲಿಫೈಯರು, ಮೈಕು, ಒಂದು ಸ್ಪೀಕರು ತಂದುಕೊಟ್ಟಿದ್ದ. ಅಂದಿನಿಂದ ದೊಡ್ಡಪಾಲಯ್ಯನ ತತ್ವಪದ ಸುತ್ತಲ ಮೂರು ಹಟ್ಟಿಗಳಿಗೆ ಕೇಳುತ್ತಿತ್ತು. ಪ್ರತಿ ಪದಕ್ಕೂ ಮೊದಲು ಅವನು, "ಈ ಆಂಪ್ಲಿಫೈಯರು ನಮ್ ಸಣ್ ಅಳಿಯ ಮಹಾಂತೇಶಪ್ಪ ಕೊಡಿಸಿದ್ದು" ಎಂದು ಮೈಕಿನಲ್ಲಿ ಹೇಳುತ್ತಿದ್ದ. ತಿಪ್ಪೇರುದ್ರ ತಾಳ ಹಾಕುವವನು. ಅವನು ಆ ಮಾತು ಬಂದಾಗಲೆಲ್ಲ ಕೈಯಲ್ಲಿದ್ದ ತಾಳವನ್ನು ಅಗತ್ಯಕ್ಕಿಂತ ಜೋರಾಗಿ ಬಡಿಯುತ್ತಿದ್ದ.

ಹೀಗಿರುವಾಗ ಒಂದು ಗುರುವಾರದ ಭಜನೆಯಲ್ಲಿ, ಎರಡನೇ ಪದದ ನಡುವೆ ಆಂಪ್ಲಿಫೈಯರು 'ಗುಂಯ್' ಎಂದು ಕೋಣದ ಹಾಗೆ ಕೂಗಿ, ಒಂದಿಷ್ಟು ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅದೊಂದು ಗಳಿಗೆ ತಿಪ್ಪೇರುದ್ರನ ಮುಖದಲ್ಲಿ ಕಂಡ ಬೆಳಕು ಭಕ್ತಿಯದಲ್ಲ ಎಂದು ಯಾರಿಗೂ ತಿಳಿಯಲಿಲ್ಲ.

"ಭಾನುವಾರ ಮಹಾಂತೇಶಪ್ಪ ಬರ್ತಾನಲ್ಲ, ಅವ್ನೇ ರಿಪೇರಿ ಮಾಡ್ತಾನೆ ಬಿಡು" ಎಂದ ದೊಡ್ಡಪಾಲಯ್ಯ.

ಬೆಳಕು ಆರಿಹೋಯಿತು. "ಯಾಕೆ ಮಾವ, ನಾನಿಲ್ವಾ? ಅವ್ನು ಬರೋದ್ರೊಳಗೆ ನಾನೇ ಮಾಡ್ತೀನಿ" ಎಂದು ತಿಪ್ಪೇರುದ್ರ ಹೇಳಿಬಿಟ್ಟ.

ನಿರ್ಮಲಾ ಅವನ ಮುಖ ನೋಡಿದಳು. "ಮನೇಲಿ ಬಲ್ಬ್ ಹಾಕೋಕೂ ಲೈನ್‌ಮನ್ ಕರೀತೀರಲ್ರಿ."

"ಅದು ಬೇರೆ, ಇದು ಬೇರೆ" ಎಂದ ತಿಪ್ಪೇರುದ್ರ. ಹೇಗೆ ಬೇರೆ ಎಂದು ವಿವರಿಸಲಿಲ್ಲ.

ಶುಕ್ರವಾರ ಗಿರಣಿಗೆ ಬೀಗ ಜಡಿದು, ಆಂಪ್ಲಿಫೈಯರನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ಹೋದ. ಅಲ್ಲಿ ಹನುಮಂತರಾಜು ಎಂಬ ಹಳೆಯ ಮೆಕ್ಯಾನಿಕ್ಕಿನ ಅಂಗಡಿ. ರಾಜು ಮುಚ್ಚಳ ಬಿಚ್ಚಿ, ಮೀಟರಿನ ಎರಡು ಕಡ್ಡಿಗಳನ್ನು ಒಳಗಿಟ್ಟ. ಮೀಟರು 'ಕುಂಯ್' ಎಂದಿತು.

"ಔಟ್‌ಪುಟ್ ಟ್ರಾನ್ಸಿಸ್ಟರ್ ಎರಡೂ ಸತ್ತಾವೆ. ಒಳ್ಳೇದಾಗಿದ್ರೆ ಕರೆಂಟು ಒಂದ್ ಕಡೆ ಹೋಗಿ ಇನ್ನೊಂದ್ ಕಡೆ ನಿಲ್ತೈತೆ. ಇವು ಎರಡೂ ಕಡೆ ಕುಂಯ್ ಅಂತಾವೆ. ಬಾಗಿಲೂ ಇಲ್ಲ, ಚಿಲಕಾನೂ ಇಲ್ಲ. ಬಿಟ್ ಹೋಗ್ರಿ, ಬುಧವಾರ ಕೊಡ್ತೀನಿ. ನಿಮ್ದಕ್ಕಿಂತ ಮುಂದೆ ಎಂಟು ರಿಪೇರಿ ಅವೆ."

"ಬುಧವಾರ ಆಗಲ್ಲ. ಭಾನುವಾರ ನಮ್ ಷಡ್ಡಕ ಬರ್ತಾನೆ."

"ಷಡ್ಡಕ ಬರೋದಕ್ಕೂ ಟ್ರಾನ್ಸಿಸ್ಟರಿಗೂ ಏನ್ರೀ ಸಂಬಂಧ?"

ತಿಪ್ಪೇರುದ್ರ ಆ ಸಂಬಂಧವನ್ನು ಅರ್ಧ ಗಂಟೆ ವಿವರಿಸಿದ. ಹೋಳಿಗೆಯ ವಿಷಯ ಬಂದಾಗ ರಾಜು ಕೈಯಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟು ಕೇಳಿದ. ಅವನೂ ಎಂದೋ ಮನೆಅಳಿಯನಾಗಿದ್ದವನಂತೆ. ಆದ್ದರಿಂದ ಎರಡು ಹೊಸ ಟ್ರಾನ್ಸಿಸ್ಟರು, ಸೀಸ, ಬೆಸುಗೆ ಕಡ್ಡಿ ಎಲ್ಲ ಕೊಟ್ಟು, ಒಂದು ಹಳೆಯ ಮೀಟರನ್ನೂ ಎರವಲು ಕೊಟ್ಟು ಪಾಠ ಹೇಳಿದ.

"ಮೊದ್ಲು ಸ್ಪೀಕರ್ ವೈರು ಕಿತ್ತಾಕ್ರಿ. ಮಧ್ಯೆ ಒಂದು ಬಲ್ಬ್ ಹಾಕಿ, ಅದರ ಮೂಲಕವೇ ಕರೆಂಟು ಕೊಡ್ರಿ. ಆಮೇಲೆ ಔಟ್‌ಪುಟ್ಟಿನಲ್ಲಿ ಡೀಸಿ ಬರ್ತೈತಾ ನೋಡ್ರಿ. ಹಾಡಿನ ಕರೆಂಟು ಉಯ್ಯಾಲೆ ಇದ್ದಂಗೆ, ಹೋಗಿ ಬಂದು ಮಾಡ್ತೈತೆ. ಡೀಸಿ ಅಂದ್ರೆ ಹೋದದ್ದು ಹೋದಂಗೇ ನೇರ ನುಗ್ಗೋ ಕರೆಂಟು. ಅದು ಸೊನ್ನೆ ಇರ್ಬೇಕು. ಡೀಸಿ ಬಂದ್ರೆ ಸ್ಪೀಕರ್ ಸುಟ್ಟೋಗ್ತೈತೆ. ಏನಾರಾ ಆದ್ರೆ ಫೋನ್ ಮಾಡ್ರಿ."

ಟ್ರಾನ್ಸಿಸ್ಟರಿನ ಕೆಳಗೆ ಹಾಕುವ ತೆಳ್ಳನೆಯ ಅಭ್ರಕದ ಹಾಳೆಗಳ ಬಗ್ಗೆಯೂ ರಾಜು ಹೇಳಿದ. ಆ ಹೊತ್ತಿಗೆ ತಿಪ್ಪೇರುದ್ರ, ಭಾನುವಾರ ಮಹಾಂತೇಶ ಬಂದು ಆಂಪ್ಲಿಫೈಯರು ಸರಿಯಾಗಿರುವುದನ್ನು ಕಂಡು ಪೆಚ್ಚಾಗುವುದನ್ನು ಕಣ್ಣಾರೆ ನೋಡುತ್ತಿದ್ದುದರಿಂದ, ಅದೊಂದು ಮಾತು ಕಿವಿಗೆ ಬೀಳಲಿಲ್ಲ.

ಶನಿವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಹಳೆಯ ಟ್ರಾನ್ಸಿಸ್ಟರುಗಳನ್ನು ಕಿತ್ತ. ಅವುಗಳಡಿಯಿದ್ದ ಅಭ್ರಕದ ಹಾಳೆ ಕೀಳುವಾಗಲೇ ಒಡೆದು ಪುಡಿಯಾಯಿತು. ಹೊಸ ಪೊಟ್ಟಣದಲ್ಲಿ ಗಾಜಿನಂಥ ಎರಡು ಹಾಳೆಗಳಿದ್ದವು. ಸಾಮಾನು ಒಡೆಯದಿರಲೆಂದು ಇಟ್ಟ ಪ್ಯಾಕಿಂಗು ಎಂದುಕೊಂಡು ಕಿಟಕಿಯಿಂದ ಹೊರಗೆ ಎಸೆದ. ಟ್ರಾನ್ಸಿಸ್ಟರುಗಳನ್ನು ಬಿಗಿದ, ಬೆಸೆದ, ಎರಡು ಬೆರಳು ಸುಟ್ಟುಕೊಂಡ. ಬಲ್ಬಿನ ಮೂಲಕ ಕರೆಂಟು ಕೊಟ್ಟ. ಬಲ್ಬು ಝಗ್ಗೆಂದು ಉರಿಯಿತು. ಒಳ್ಳೆಯ ಶಕುನವೆಂದು ಕೈಮುಗಿದು, ಔಟ್‌ಪುಟ್ಟಿಗೆ ಮೀಟರು ಹಿಡಿದರೆ ಇಪ್ಪತ್ತೆರಡು ಎಂದು ತೋರಿಸಿತು.

ಸೊನ್ನೆ ಇರಬೇಕಾದಲ್ಲಿ ಇಪ್ಪತ್ತೆರಡು. ತಿಪ್ಪೇರುದ್ರ ಫೋನು ಹಿಡಿದು ಓಡಿದ. ಹಟ್ಟಿಯಲ್ಲಿ ಸಿಗ್ನಲ್ಲು ಸಿಗುವುದು ಒಂದೇ ಕಡೆ, ದನಗಳು ನೀರು ಕುಡಿಯುವ ತೊಟ್ಟಿಯ ಕಟ್ಟೆಯ ಮೇಲೆ. ಹತ್ತಿ ನಿಂತು, ಚಳ್ಳಕೆರೆಗೆ ಫೋನಿಲ್ಲದೆಯೇ ಕೇಳಿಸುವಷ್ಟು ಜೋರಾಗಿ ಮಾತಾಡಿದ.

"ರಾಜಣ್ಣ, ಡೀಸಿ ಬರ್ತೈತೆ. ಹೂಂ, ನೇರ ಬರ್ತೈತೆ. ಇಪ್ಪತ್ತೆರಡು. ಇಪ್ಪತ್ತೆರಡು ಅಂದೆ. ಇಲ್ಲ, ಯಾರಿಗೂ ಹೇಳಿಲ್ಲ, ನಿಂಗೇ ಮೊದ್ಲು. ನಮ್ ಷಡ್ಡಕನಿಗಂತೂ ಗೊತ್ತೇ ಆಗ್ಬಾರ್ದು."

ಅಷ್ಟರಲ್ಲಿ ಸಿಗ್ನಲ್ಲು ಹೋಯಿತು. ತೊಟ್ಟಿಗೆ ನೀರು ಬಿಡಲು ಬಂದು ವಾಲ್ವಿನ ಹತ್ತಿರ ಕೂತಿದ್ದ ಪಂಚಾಯ್ತಿಯ ನೀರಗಂಟಿ ಬೊಮ್ಮಣ್ಣ ಹೋಗಲಿಲ್ಲ. ಅವನು ಎರಡು ಸಂಗತಿ ಗಮನಿಸಿದ. ಒಂದು, ಡೀಸಿ ಬರುತ್ತಾರೆ. ಎರಡು, ನಾಳೆ ಇಪ್ಪತ್ತೆರಡನೇ ತಾರೀಖು. ಜಿಲ್ಲಾಧಿಕಾರಿಗಳನ್ನು 'ಬರ್ತೈತೆ' ಎಂದು ಕರೆಯಬಹುದೇ ಎಂಬ ವ್ಯಾಕರಣದ ಪ್ರಶ್ನೆ ಅವನನ್ನು ಕಾಡಲಿಲ್ಲ. ಸೈಕಲ್ಲು ಹತ್ತಿ ನೇರ ಪಂಚಾಯ್ತಿ ಮೆಂಬರ್ ಮುರುಗೇಂದ್ರಪ್ಪನ ಮನೆಗೆ ಹೋದ.

ಮುರುಗೇಂದ್ರಪ್ಪ ಆಗ ಮಜ್ಜಿಗೆ ಅನ್ನ ಕಲಸುತ್ತಿದ್ದ. ಚರಂಡಿ ಹೂಳೆತ್ತಿದ್ದೇವೆಂದು ನಾಲ್ಕು ವರ್ಷದಿಂದ ಕಾಗದದಲ್ಲೇ ಬರೆಸುತ್ತ ಬಂದವನು ಅವನು. ಕೈ ತೊಳೆದು ಎದ್ದ. ಆದರೂ ಅನುಭವಸ್ಥ. ಖಚಿತಪಡಿಸಿಕೊಳ್ಳಲು ತಾನೇ ತಿಪ್ಪೇರುದ್ರನಿದ್ದ ಕೋಣೆಗೆ ಬಂದ.

"ರುದ್ರಪ್ಪ, ಡೀಸಿ ವಿಷ್ಯ ನಿಜವೇನಪ್ಪ?"

ತಿಪ್ಪೇರುದ್ರನಿಗೆ ಮೈಯೆಲ್ಲ ನಾಚಿಕೆ. ತನ್ನ ರಿಪೇರಿ ಕೆಟ್ಟದ್ದು ಇಷ್ಟು ಬೇಗ ಮೆಂಬರಿಗೆ ಹೇಗೆ ತಿಳಿಯಿತು? ತಲೆತಗ್ಗಿಸಿ, "ನಿಜ ಅಣ್ಣಾ. ಆದ್ರೆ ನಾಳೆ ಹೊತ್ತಿಗೆ ನಿಲ್ಲಿಸ್ತೀನಿ" ಎಂದ.

"ನಿಲ್ಲಿಸಬ್ಯಾಡ ಮಾರಾಯ. ಬರ್ಲಿ ಬಿಡು."

"ಬರ್ಲಿ ಅಂದ್ರೆ ಹೆಂಗಣ್ಣ? ಎಲ್ಲ ಸುಟ್ಟೋಗ್ತೈತೆ."

ಮುರುಗೇಂದ್ರಪ್ಪ ಬೆವರು ಒರೆಸಿಕೊಂಡ. "ಅಷ್ಟು ಸಿಟ್ಟಿನವರಾ?"

"ಸಿಟ್ಟೇನಿಲ್ಲ. ಅದರ ಗುಣಾನೇ ಅದು. ಅಡ್ಡ ಬಂದಿದ್ದನ್ನ ಬಿಡಲ್ಲ."

"ನಿಂಗೆ ಇದನ್ನೆಲ್ಲ ಹೇಳಿದ್ದು ಯಾರು?"

"ಚಳ್ಳಕೆರೆ ರಾಜಣ್ಣ. ಅವನಿಗೆ ಇದೆಲ್ಲ ಅಂಗೈ ಗೆರೆ ಇದ್ದಂಗೆ."

ಮುರುಗೇಂದ್ರಪ್ಪ ಮುಂದೆ ಕೇಳಲಿಲ್ಲ. ಎರಡು ಗಂಟೆಗೆ ಚರಂಡಿಗೆ ಎಂಟು ಜನ ಆಳುಗಳು ಇಳಿದರು. ಮೂರು ಗಂಟೆಗೆ ಶಾಲೆಯ ಶೌಚಾಲಯದ ಬೀಗ ತೆಗೆಯಲಾಯಿತು. ಕೀ ಎಲ್ಲಿದೆಯೆಂದು ಯಾರಿಗೂ ನೆನಪಿಲ್ಲದ್ದರಿಂದ ಕಲ್ಲಿನಿಂದ ತೆಗೆದರು. ನಾಲ್ಕಕ್ಕೆ ಬೀದಿದೀಪಗಳು ಹಗಲಲ್ಲೇ ಉರಿದು, ಉರಿಯಬಲ್ಲವೆಂದು ಸಾಬೀತುಪಡಿಸಿದವು. ಪಂಚಾಯ್ತಿಯ ಪಿಡಿಓ ಮೊಳಕಾಲ್ಮುರಿನ ತಾಲ್ಲೂಕು ಕಚೇರಿಗೆ ಫೋನು ಮಾಡಿ ವಿಚಾರಿಸಿದ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. "ಅಂದ್ರೆ ದಿಢೀರ್ ಭೇಟಿ. ಹೇಳದೇ ಬಂದು ಹಿಡೀತಾರೆ" ಎಂದು ತೀರ್ಮಾನಿಸಿ, ಬ್ಲೀಚಿಂಗ್ ಪೌಡರಿನ ಚೀಲ ಸಮೇತ ತಾನೇ ಬಂದುಬಿಟ್ಟ.

ಈ ಗದ್ದಲವೆಲ್ಲ ಏಕೆಂದು ತಿಪ್ಪೇರುದ್ರನಿಗೆ ತಿಳಿದದ್ದು ಸಂಜೆ, ಜಯಕ್ಕ ಬಂದಾಗ. ಗಂಡ ತೀರಿಕೊಂಡು ಒಂದೂವರೆ ವರ್ಷವಾದರೂ ವಿಧವಾ ವೇತನ ಬಾರದ ಹೆಂಗಸು. ಕೈಯಲ್ಲಿ ಮಡಿಸಿ ಮಡಿಸಿ ಹರಿದ ಅರ್ಜಿ.

"ನಾಳೆ ಡೀಸಿ ಸಾಹೇಬ್ರು ನಿಮ್ ಮನೀಗೇ ಬರ್ತಾರಂತಲ್ಲಪ್ಪ. ನಂದೊಂದು ಇದನ್ನ ಅವರ ಕೈಗೆ ಕೊಡ್ಸು."

ತಿಪ್ಪೇರುದ್ರನಿಗೆ ಎಲ್ಲವೂ ಒಂದೊಂದಾಗಿ ತಲೆಗೆ ಹೊಳೆಯಿತು. ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳಿಬಿಡಬೇಕೆಂದು ಎದ್ದು ನಡುಮನೆಗೆ ಬಂದ. ಅಲ್ಲಿ ಹೊನ್ನಕ್ಕ ಸೆರಗು ಸರಿಮಾಡಿಕೊಂಡು ನಿಂತಿದ್ದಳು.

"ರುದ್ರಪ್ಪನೋರೇ, ನೀರು ಕಾಯ್ಸೀನಿ, ಸ್ನಾನ ಮಾಡ್ರಿ. ಎಮ್ಮೆ ನಾನು ನೋಡ್ಕಂತೀನಿ."

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ 'ರುದ್ರಪ್ಪನೋರೇ'. ಒಬ್ಬ ಮನುಷ್ಯನ ಸತ್ಯಸಂಧತೆಯನ್ನು ಪರೀಕ್ಷಿಸುವುದಕ್ಕೂ ಒಂದು ಮಿತಿಯಿರಬೇಕು. ಬೆಳಿಗ್ಗೆ ಹೇಳಿದರಾಯಿತೆಂದು ಅವನು ಸ್ನಾನಕ್ಕೆ ಹೋದ.

ಭಾನುವಾರ ಹತ್ತರ ಬಸ್ಸಿಗೆ ಮಹಾಂತೇಶ ಬಂದಿಳಿದಾಗ, ಅತ್ತೆಮನೆಯ ಮುಂದೆ ಇನ್ನೂರು ಜನ, ಎರಡು ಹಾರ, ಒಬ್ಬ ಪಿಡಿಓ. ತನಗೇ ಇರಬಹುದೆಂದು ಅರೆಕ್ಷಣ ಅನ್ನಿಸಿರಲೂಬಹುದು. ಆದರೆ ಅತ್ತೆ ಅವನ ಕೈಗೆ ಒಂದು ಪೊರಕೆ ಕೊಟ್ಟು, "ಮಹಾಂತೇಶಪ್ಪ, ಆ ಕಡೆ ಮೂಲೆ ಒಂಚೂರು ಗುಡಿಸು, ನಮ್ ರುದ್ರಪ್ಪನೋರ ಹತ್ರ ಡೀಸಿ ಬರ್ತಾರೆ" ಎಂದಳು.

ತಿಪ್ಪೇರುದ್ರ ಅದನ್ನು ಬಾಗಿಲಲ್ಲಿ ನಿಂತು ನೋಡಿದ. ಬೆಳಿಗ್ಗೆ ಹೇಳಬೇಕೆಂದಿದ್ದ ಮಾತನ್ನು ಮಧ್ಯಾಹ್ನಕ್ಕೆ ಮುಂದೂಡಿದ.

ಸ್ವಲ್ಪ ಹೊತ್ತಿಗೆ ಮಹಾಂತೇಶ ಪೊರಕೆಯೊಂದಿಗೇ ಅವನ ಹತ್ತಿರ ಬಂದ. ತಗ್ಗಿದ ದನಿಯಲ್ಲಿ, "ಅಣ್ಣಾ, ನನ್ ಗುತ್ತಿಗೆ ಮುಂದಿನ ತಿಂಗಳು ಮುಗೀತೈತೆ. ಮುಂದುವರಿಸ್ತಾರೋ ಇಲ್ಲೋ ಗೊತ್ತಿಲ್ಲ. ಪವಿತ್ರಂಗೂ ಹೇಳಿಲ್ಲ. ಸಾಹೇಬ್ರ ಕಿವೀಗೆ ಒಂದ್ ಮಾತು ಹಾಕ್ತೀರಾ?" ಎಂದ.

ಈ ಮುಖ, ಈ ದನಿ ತನ್ನ ಮುಂದೆ ಹೀಗೆ ಬಾಗಲಿ ಎಂದು ತಿಪ್ಪೇರುದ್ರ ಎಷ್ಟು ದೇವರಿಗೆ ಹರಸಿಕೊಂಡಿದ್ದನೋ. ಬಾಗಿದ ಮೇಲೆ ಏನು ಮಾಡಬೇಕೆಂದು ಮಾತ್ರ ಯೋಚಿಸಿರಲಿಲ್ಲ. "ನೋಡಾಣ" ಎಂದ. ಡೀಸಿಗಳನ್ನು ಬಲ್ಲವರು ಹಾಗೆಯೇ ಹೇಳುವುದು.

ಆಗ ಮುರುಗೇಂದ್ರಪ್ಪ ಧಾವಿಸಿ ಬಂದ. "ರುದ್ರಪ್ಪ, ಸ್ವಾಗತ ಭಾಷಣಕ್ಕೆ ನಿಮ್ ಮೈಕ್ ಬೇಕು. ಸ್ಪೀಕರ್ ಆಗ್ಲೇ ಮರಕ್ಕೆ ಕಟ್ಸೀನಿ."

ತಿಪ್ಪೇರುದ್ರ ಮಹಾಂತೇಶನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. ಎಲ್ಲವನ್ನೂ ಹೇಳುವ ಧೈರ್ಯ ಬರಲಿಲ್ಲ. ಅರ್ಧ ಹೇಳಿದ. "ಟ್ರಾನ್ಸಿಸ್ಟರ್ ಬದಲಾಯಿಸೀನಿ. ಆದ್ರೂ ಔಟ್‌ಪುಟ್ಟಿಗೆ ಡೀಸಿ ಬರ್ತೈತೆ."

ಮಹಾಂತೇಶ ಪೊರಕೆ ಮೂಲೆಗಿಟ್ಟು ಬಗ್ಗಿ ನೋಡಿದ. "ಮೈಕಾ ಎಲ್ಲಿ ಅಣ್ಣ? ಅಭ್ರಕದ ಹಾಳೆ, ಗಾಜಿನಂಗಿರ್ತೈತೆ. ಅದಿಲ್ದಿದ್ರೆ ಅಡಿಯ ತಗಡಿನ ಮೂಲಕ ಎರಡೂ ಟ್ರಾನ್ಸಿಸ್ಟರಿನ ಮೈ ಒಂದಕ್ಕೊಂದು ತಗುಲಿ, ಕರೆಂಟು ನೇರ ಹೊರಗೆ ನುಗ್ತೈತೆ."

"ಪ್ಯಾಕಿಂಗು ಅಂತ ಬಿಸಾಕಿದೆ."

ನಗುತ್ತಾನೆಂದು ತಿಪ್ಪೇರುದ್ರ ಕಾದ. ಮಹಾಂತೇಶ ನಗಲಿಲ್ಲ. "ನಾನೂ ಮೊದಲ್ನೇ ಸಲ ಬಿಸಾಕಿದ್ದೆ. ಆದ್ರೆ ನೀವು ಬಲ್ಬ್ ಹಾಕಿ ನೋಡೀರಲ್ಲ, ಅದಕ್ಕೇ ಟ್ರಾನ್ಸಿಸ್ಟರ್ ಉಳ್ಕಂಡಾವೆ. ನಾನು ಬಲ್ಬೂ ಹಾಕಿರ್ಲಿಲ್ಲ, ಅರ್ಧ ಬೀದಿ ಕತ್ತಲಾಗಿತ್ತು" ಎಂದ.

ಇಬ್ಬರು ಅಳಿಯಂದಿರೂ ಕಿಟಕಿಯಾಚೆಯ ಬೂದಿಗುಂಡಿಯ ಪಕ್ಕ ಮಂಡಿಯೂರಿ ಕೂತು ಹಾಳೆಗಳನ್ನು ಹುಡುಕಿದರು. ಸಿಕ್ಕವು. ಮಹಾಂತೇಶ ಅವನ್ನು ಒರೆಸಿ, ಟ್ರಾನ್ಸಿಸ್ಟರು ಬಿಚ್ಚಿ, ಮೀಟರು ಹಿಡಿದು ಒಂದೊಂದನ್ನೂ ಪರೀಕ್ಷಿಸಿ, ಹಾಳೆಯಿಟ್ಟು ಮತ್ತೆ ಬಿಗಿದ. ಬಲ್ಬು ಒಮ್ಮೆ ಮಿನುಗಿ, ಎಲ್ಲ ಸರಿಯಿದ್ದರೆ ಆಗಬೇಕಾದಂತೆ, ಮಂಕಾಯಿತು. ಮೀಟರು ಸೊನ್ನೆ ತೋರಿಸಿತು. "ಸ್ಪೀಕರ್ ವೈರು ಸಿಗ್ಸಿ, ಮರದ ಹತ್ರ ನಿಂತ್ಕಳ್ರಿ ಅಣ್ಣ, ದನಿ ಬರ್ತೈತಾ ನೋಡಾಣ" ಎಂದು ಅವನನ್ನು ಹೊರಗೆ ಕಳಿಸಿದ.

ತಿಪ್ಪೇರುದ್ರ ಮರದ ಕೆಳಗೆ ಜನರ ನಡುವೆ ನಿಂತ. ಸ್ಪೀಕರು ಒಮ್ಮೆ ಕೆಮ್ಮಿತು. ಆಮೇಲೆ ಮೂರು ಹಟ್ಟಿಗೂ ಕೇಳುವಂತೆ, ಗಂಟೆಯಂಥ ಸ್ಪಷ್ಟ ದನಿಯಲ್ಲಿ ಮಹಾಂತೇಶನ ಮಾತು ಬಂತು.

"ಹಲೋ, ಹಲೋ. ಅಣ್ಣಾ, ಡೀಸಿ ಪೂರ್ತಿ ನಿಲ್ಲಿಸೀನಿ. ಇನ್ನು ಬರಲ್ಲ. ನೀವೇನೂ ಹೆದರ್ಬ್ಯಾಡ್ರಿ."

ಇನ್ನೂರು ಜನ ಸ್ಪೀಕರಿನ ಕಡೆ ತಲೆಯೆತ್ತಿದರು. ಹಾರ ಹಿಡಿದಿದ್ದವನ ಕೈ ಕೆಳಗಿಳಿಯಿತು.

"ಯಾರವ್ನು ನಿಲ್ಲಿಸಿದ್ದು?" ಎಂದ ಮುರುಗೇಂದ್ರಪ್ಪ.

"ಸಣ್ ಅಳಿಯನ ದನಿ. ಕುದಾಪುರದಲ್ಲಿ ದೊಡ್ಡ ದೊಡ್ಡೋರು ಗೊತ್ತಲ್ಲ, ಒಂದ್ ಫೋನ್ ಹೊಡ್ದಿರ್ಬೇಕು" ಎಂದ ಬೊಮ್ಮಣ್ಣ.

"ಹೊಟ್ಟೆಕಿಚ್ಚು ಕಣ್ರೀ" ಎಂದಳು ಗುಂಪಿನಲ್ಲೊಬ್ಬಳು. "ಷಡ್ಡಕ ಮ್ಯಾಲೆ ಬಂದದ್ದು ನೋಡಕ್ಕಾಗ್ಲಿಲ್ಲ."

ಕೋಣೆಯಿಂದ ನಗುನಗುತ್ತ ಹೊರಬಂದ ಮಹಾಂತೇಶನನ್ನು ಜನ ಮುತ್ತಿದರು. ಹೊನ್ನಕ್ಕ ಹಣೆ ಬಡಿದುಕೊಂಡು, "ಹೋಳಿಗೆ ಹಾಕಿ ಸಾಕಿದ್ನಲ್ಲಪ್ಪ ನಿನ್ನ" ಎಂದಳು. ಪಿಡಿಓ ಜೇಬಿನಿಂದ ಪೆನ್ನು ತೆಗೆದ. "ನಿಮ್ಮ ಹೆಸರು, ಕೆಲಸ ಮಾಡೋ ಜಾಗ ಹೇಳ್ರಿ. ಜಿಲ್ಲಾಧಿಕಾರಿಗಳ ಭೇಟಿಗೆ ಅಡ್ಡಿ ಮಾಡೀರಿ ಅಂತ ನಿಮ್ ಆಫೀಸಿಗೆ ಬರೀತೀನಿ."

ಮಹಾಂತೇಶ ಬೇರೆ ಯಾರನ್ನೂ ನೋಡಲಿಲ್ಲ, ತಿಪ್ಪೇರುದ್ರನನ್ನು ನೋಡಿದ.

ತಿಪ್ಪೇರುದ್ರ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಏನೂ ಮಾಡಬೇಕಾಗಿರಲಿಲ್ಲ. ಹೆಸರಿನ ಮೊದಲ ಎರಡಕ್ಷರ ಪಿಡಿಓ ಬರೆಯುವವರೆಗೆ ನಿಂತೂ ಇದ್ದ. ಅಷ್ಟು ಹೊತ್ತು ನಿಂತದ್ದಕ್ಕೆ ಆಮೇಲೆ ಅವನೇ ಬೇಸರಪಟ್ಟನೆಂದು ನಿರ್ಮಲಾ ಹೇಳುತ್ತಾಳೆ. ನಂತರ ಜನರನ್ನು ತಳ್ಳಿಕೊಂಡು ಒಳಗೆ ಹೋಗಿ ಮೈಕು ಹಿಡಿದ.

"ಎಲ್ರಿಗೂ ಕೇಳಿಸ್ತೈತಾ? ನಾನು ತಿಪ್ಪೇರುದ್ರ. ಡೀಸಿ ಅಂದ್ರೆ ಸಾಹೇಬ್ರಲ್ಲ, ಕರೆಂಟು. ಆಂಪ್ಲಿಫೈಯರಿಗೆ ಬರಬಾರದ ಕರೆಂಟು. ಇಪ್ಪತ್ತೆರಡು ಅಂದ್ರೆ ತಾರೀಖಲ್ಲ, ವೋಲ್ಟು. ಮೈಕಾ ಬಿಸಾಕಿದ್ದು ನಾನು, ನಿನ್ನೆ ಸಂಜೆನೇ ನಿಜ ಗೊತ್ತಾದ್ರೂ ಬಾಯಿ ಮುಚ್ಕಂಡಿದ್ದೂ ನಾನು. ಹೊಟ್ಟೆಕಿಚ್ಚು ಅಂದ್ರಲ್ಲ, ಅದೂ ನಂದೇ. ಮಹಾಂತೇಶಂದು ಏನೂ ತಪ್ಪಿಲ್ಲ. ಈ ಆಂಪ್ಲಿಫೈಯರು ಅವನು ಕೊಡಿಸಿದ್ದು, ಅವನೇ ಸರಿಮಾಡಿದ್ದು." ಮೈಕು ಕೆಳಗಿಡಲು ಹೋದವನು ಮತ್ತೆ ಎತ್ತಿ, "ಟ್ರಾನ್ಸಿಸ್ಟರ್ ಬೆಸೆದಿದ್ದು ಮಾತ್ರ ನಾನು" ಎಂದು ಸೇರಿಸಿದ.

ಮೈಕು ಒಂದಕ್ಷರವನ್ನೂ ನುಂಗದೆ ಎಲ್ಲವನ್ನೂ ಮೂರು ಹಟ್ಟಿಗೆ ಒಪ್ಪಿಸಿತು.

ಮುರುಗೇಂದ್ರಪ್ಪ ತೊಳೆದ ಚರಂಡಿಯನ್ನು ಒಮ್ಮೆ ನೋಡಿ, ಬೊಮ್ಮಣ್ಣನನ್ನು ಒಮ್ಮೆ ನೋಡಿದ. "ಒಂದು ಕರೆಂಟಿಗೋಸ್ಕರ ನಾಲ್ಕು ವರ್ಷದ ಹೂಳು ತೆಗ್ಸಿದ್ನಲ್ಲೋ" ಎಂದ. ಬೊಮ್ಮಣ್ಣ ವಾಲ್ವು ತಿರುಗಿಸಬೇಕೆಂದು ನೆನಪಾಗಿ ಹೊರಟುಹೋದ. ಪಿಡಿಓ ಕೂಡ ಬೈಕಿನ ಕಡೆ ಹೆಜ್ಜೆ ಹಾಕಿದ. ಆದರೆ ಬೈಕಿನ ಮುಂದೆ ಜಯಕ್ಕ ನಿಂತಿದ್ದಳು.

"ಕರೆಂಟೋ ಸಾಹೇಬ್ರೋ ನಂಗೊತ್ತಿಲ್ಲ ಸ್ವಾಮಿ. ನೀವಂತೂ ಬಂದೀರಲ್ಲ. ಇದನ್ನ ಇಸ್ಕೊಂಡು, ಇಸ್ಕೊಂಡೆ ಅಂತ ಬರ್ದುಕೊಟ್ಟು ಹೋಗ್ರಿ."

ಇನ್ನೂರು ಜನ ಪಿಡಿಓನನ್ನೇ ನೋಡುತ್ತಿದ್ದರು. ಪೆನ್ನು ಹೇಗೂ ಕೈಯಲ್ಲೇ ಇತ್ತು. ಬರೆದುಕೊಟ್ಟ. ಅವಳ ಹಿಂದೆ ಒಂದೊಂದಾಗಿ ಹದಿನಾರು ಅರ್ಜಿಗಳು ನಿಂತವು. ಅವನು ಹೊರಡುವಾಗ ಮೂರು ಗಂಟೆ.

ಸೇರಿದ ಜನ ಹೋಗಲಿಲ್ಲ. ದೊಡ್ಡಪಾಲಯ್ಯ ಮೈಕಿನ ಮುಂದೆ ಕೂತು ತತ್ವಪದ ಎತ್ತಿಕೊಂಡ. ತಿಪ್ಪೇರುದ್ರ ತಾಳ ಹಾಕಿದ. ಪಕ್ಕದಲ್ಲಿ ಕೂತ ಮಹಾಂತೇಶ, "ನಿಮ್ ಬೆಸುಗೆ ನನ್ನದಕ್ಕಿಂತ ನುಣ್ಣಗೈತೆ ಅಣ್ಣ" ಎಂದ. ಸುಳ್ಳಿದ್ದರೂ ಇರಬಹುದು. ತಿಪ್ಪೇರುದ್ರ ಅದನ್ನು ಪರೀಕ್ಷಿಸಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವಷ್ಟರಲ್ಲಿ ಪಕ್ಕದ ಹಟ್ಟಿಯ ಹಿರಿಯ ಯತ್ತಪ್ಪ ಬಂದು ಕಲ್ಲಿನ ಮೇಲೆ ಕೂತಿದ್ದ. ಕೈಯಲ್ಲಿ ಹಿಟ್ಟಿನ ಡಬ್ಬಿ ಇರಲಿಲ್ಲ.

"ನಿನ್ನೆ ಮೈಕಿನಲ್ಲಿ ಹೇಳಿದ್ದೆಲ್ಲ ಕೇಳಿಸ್ಕಂಡ್ವಿ ರುದ್ರಪ್ಪ" ಎಂದ. "ನಮ್ ಹಟ್ಟಿ ಚರಂಡಿ ತುಂಬಿ ಆರು ವರ್ಷಾತು. ನಮ್ ಮೆಂಬರು ನಿನ್ನೆ ಊರಲ್ಲಿರ್ಲಿಲ್ಲ, ಅವ್ರಿಗೆ ಕೇಳೋ ಹಂಗೆ, ನಮ್ಮಲ್ಲೂ ಒಂದ್ಸಲ ಡೀಸಿ ಬರ್ತೈತೆ ಅಂತ ಫೋನಿನಲ್ಲಿ ಮಾತಾಡ್ಬೇಕಲ್ಲ."

"ಅದೆಲ್ಲ ಸುಳ್ಳು ಆಗ್ತೈತೆ ಯತ್ತಪ್ಪಜ್ಜ. ನಾನು ಮಾಡಲ್ಲ."

"ಆಗ್ಲಿ ಬಿಡು" ಎಂದು ಯತ್ತಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. "ನಿಮ್ ಷಡ್ಡಕ ಇನ್ನೂ ಹೊರಟಿಲ್ವಂತೆ. ಅವನ್ನೇ ಕೇಳ್ತೀನಿ. ಅವನ ದನಿ ಬಲೇ ಗಟ್ಟಿ, ಓದಿದೋನು ಬೇರೆ."

ತಿಪ್ಪೇರುದ್ರ ಗಿರಣಿಯ ಬಾಗಿಲನ್ನು ಮತ್ತೆ ಎಳೆದು ಬೀಗ ಹಾಕಿದ.

"ಕೂಡ್ರಿ ಅಜ್ಜ, ಅಂಗಿ ಹಾಕ್ಕಂಡ್ ಬರ್ತೀನಿ" ಎಂದ.